ಅಂಕಲಿ ಮಠ: ಬಂಡೆಯೊಳಗೊಂದು ಮನೆ

ನಮ್ಮ ಬಳಗದ ಜಗಳೂರಿನವರಿಗೆ ಚಿತ್ರದುರ್ಗ ಹೊಸದಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೂ ಅವರಿಗೆ ಅದೇ ಜಿಲ್ಲಾ ಕೇಂದ್ರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ನಾವು ಆಗ ಶಿವಮೊಗ್ಗದವರು. ಆದರೂ ಶಾಲಾ ಪ್ರವಾಸದಲ್ಲಿ ಕೋಟೆಯನ್ನು ಎಲ್ಲರೂ ನೋಡಿದ್ದೇವೆ, ಓಬವ್ವನ ಕಿಂಡಿಯಲ್ಲಿ ತಲೆ ತೂರಿಸಿದ್ದೇವೆ. ಕೋಟೆಯ ಆಚೆ ಬದಿಗೆ, ಚಂದ್ರವಳ್ಳಿಯಲ್ಲಿ, ಜನ ಬಾಳಿದ ಗುಹೆಯೊಂದಿದೆ ಎಂದು ಆಗ ಯಾರೂ ಹೇಳಲಿಲ್ಲ.

ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವಿನ ಕಣಿವೆ ಚಂದ್ರವಳ್ಳಿ. ಇಲ್ಲಿನ ಬಂಡೆಗಳ ಅಡಿಯಲ್ಲಿರುವುದು ಅಂಕಲಿ ಮಠ. ಬೆಳಗಾವಿ ಸೀಮೆಯ ಅಂಕಲಗಿಯಿಂದ ಬಂದ ಸಾಧುಗಳು ನೆಲೆಸಿದ್ದರಿಂದ ಈ ಹೆಸರು ಬಂತೆನ್ನುತ್ತಾರೆ. ಬಾಗಿಲಲ್ಲಿ ಬಗ್ಗಲೇಬೇಕು. ಮೆಟ್ಟಿಲಿಳಿದರೆ ಒಂದು ಕೋಣೆ, ಅಲ್ಲಿಂದ ಇನ್ನೂ ಕೆಳಗೆ ಮತ್ತೊಂದು. ಲಿಂಗವಿರುವ ಪೂಜೆಯ ಜಾಗ, ಸ್ನಾನದ ತಾವು, ಕೂರಲು ಕಲ್ಲಿನ ಪೀಠ. ಟಾರ್ಚ್ ಆರಿಸಿದರೆ ಪಕ್ಕದಲ್ಲಿರುವವರ ಮುಖವೂ ಕಾಣದು. ಹೊರಗಿನ ಬಿಸಿಲು ಮಾತ್ರ ಒಳಗೆ ತಟ್ಟುವುದಿಲ್ಲ.

ಇದನ್ನು ರಾಜರ ಗುಪ್ತ ಅಡಗುತಾಣ ಎಂದು ಹೇಳಿದರೆ ಕೇಳುವವರಿಗೆ ರೋಮಾಂಚನವಾಗುತ್ತದೆ, ನಿಜ. ನಮಗೆ ಮಾತ್ರ ಕಣ್ಣಿಗೆ ಬಿದ್ದದ್ದು ದಿನನಿತ್ಯದ ಬದುಕು. ಮೀಯಲು ನೀರು, ಜಪಕ್ಕೆ ಒಂದು ಮೂಲೆ, ಒರಗಲು ಒಂದು ಗೋಡೆ. ಅಡಗಿಕೊಳ್ಳುವವನಿಗೆ ಇಷ್ಟೆಲ್ಲ ಅಚ್ಚುಕಟ್ಟು ಯಾಕೆ ಬೇಕು?

ಇದೇ ಕಣಿವೆಯಲ್ಲಿ, ಭೈರವೇಶ್ವರ ಗುಡಿಯ ಬಳಿ, ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅವನು ಕೆರೆ ಕಟ್ಟಿಸಿದ್ದನ್ನೂ ಪಲ್ಲವರೇ ಮೊದಲಾದವರನ್ನು ಗೆದ್ದದ್ದನ್ನೂ ಮೂರೇ ಸಾಲಿನಲ್ಲಿ ಹೇಳುತ್ತದೆ. ಡಾ. ಎಂ.ಎಚ್. ಕೃಷ್ಣ ಅದನ್ನು ಓದಿ ಪ್ರಕಟಿಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಜೊತೆಗೆ ಇಲ್ಲೂ ಅಗೆಸಿದರು. ಶಾತವಾಹನರ ನಾಣ್ಯಗಳಷ್ಟೇ ಅಲ್ಲ, ರೋಮಿನ ಬೆಳ್ಳಿ ನಾಣ್ಯಗಳೂ ಈ ಮಣ್ಣಿನಲ್ಲಿ ಸಿಕ್ಕಿವೆ. ಹೀಗೆ ಕೆರೆ ಕಟ್ಟಿಸಿದ ದೊರೆಗೆ ಹೆಸರು ಉಳಿಯಿತು, ದೂರದ ಚಕ್ರವರ್ತಿಯ ಮುಖವೂ ನಾಣ್ಯದ ಮೇಲೆ ಉಳಿಯಿತು. ಕೆರೆಗೆ ಮಣ್ಣು ಹೊತ್ತವರದು, ಈ ಕತ್ತಲಲ್ಲಿ ಉಳಿ ಹಿಡಿದವರದು ಉಳಿದಿಲ್ಲ.

ಈಗ ಅಲ್ಲಿ ಬೇರೆ ಹೆಸರುಗಳಿವೆ. ಇದ್ದಿಲಿನಲ್ಲಿ, ಸುಣ್ಣದಲ್ಲಿ, ಮೊಳೆಯಲ್ಲಿ ಗೀಚಿದ ಪ್ರೇಮಿಗಳ ಹೆಸರು. ಹೋಗುವವರು ಟಾರ್ಚ್ ಒಯ್ಯಿರಿ, ಮೊಳೆ ಬೇಡ. ಕೊನೆಯ ಕೋಣೆಯಿಂದ ಮೇಲೆ ಬರುವಾಗ ಆಯ ತಪ್ಪಿ ನಾವೂ ಗೋಡೆ ಹಿಡಿದೆವು. ಕೈಗೆ ಸಿಕ್ಕ ಕಲ್ಲು ತಣ್ಣಗಿತ್ತು, ಸವೆದು ನುಣುಪಾಗಿತ್ತು.