ಕರ್ನಲ್‌ನ ಹೊಸ್ತಿಲು: ಸಿಸ್ಟಮ್ ಕಾಲ್ ಸೂಚನೆಗಳ ಕಥೆ

ಫೈಲ್ ಓದುವುದು, ನೆಟ್‌ವರ್ಕ್‌ಗೆ ದತ್ತಾಂಶ ಕಳಿಸುವುದು, ಹೊಸ ಪ್ರಾಸೆಸ್ ಹುಟ್ಟಿಸುವುದು ಯಾವುದನ್ನೂ ಸಾಮಾನ್ಯ ಪ್ರೋಗ್ರಾಂ ತಾನೇ ಮಾಡುವಂತಿಲ್ಲ. ಕರ್ನಲ್‌ ಅನ್ನು ಕೇಳಬೇಕು. ಆ ಕೋರಿಕೆಯೇ ಸಿಸ್ಟಮ್ ಕಾಲ್. ಅದು ನಡೆಯಬೇಕಾದರೆ ಪ್ರೊಸೆಸರ್ ತನ್ನ ಅಧಿಕಾರದ ಮಟ್ಟವನ್ನು ಬದಲಿಸಿಕೊಳ್ಳಬೇಕು, ಅದಕ್ಕೆಂದೇ ಒಂದು ಸೂಚನೆ ಇರಬೇಕು. 1964ರ ಐಬಿಎಂ ಸಿಸ್ಟಮ್/360ರಲ್ಲಿ ಎಸ್‌ವಿಸಿ, ಯುನಿಕ್ಸ್ ಬೆಳೆದ ಪಿಡಿಪಿ-11ರಲ್ಲಿ ಟ್ರ್ಯಾಪ್ ಈ ಕೆಲಸ ಮಾಡುತ್ತಿದ್ದವು.

ಇಂಟೆಲ್‌ನ 80386 ಬಂದದ್ದು 1985ರಲ್ಲಿ. ಅದರ ಮೇಲೆ ಹುಟ್ಟಿದ ಲಿನಕ್ಸ್ ‘ಇಂಟ್ 80’ ಎಂಬ ಸಾಫ್ಟ್‌ವೇರ್ ಇಂಟರಪ್ಟನ್ನು ಆರಿಸಿಕೊಂಡಿತು. ವಿಂಡೋಸ್ ಎನ್‌ಟಿ ‘ಇಂಟ್ 2ಇ’ಯನ್ನು. ಇಂಟರಪ್ಟ್ ಎಲ್ಲ ಸಂದರ್ಭಕ್ಕೂ ಒದಗುವ ವ್ಯವಸ್ಥೆಯಾದ್ದರಿಂದ ಪ್ರೊಸೆಸರ್ ಪ್ರತಿ ಸಲವೂ ಕೋಷ್ಟಕದಿಂದ ವಿವರ ಓದಿ, ಅಧಿಕಾರ ಪರಿಶೀಲಿಸಿ, ಸ್ಟ್ಯಾಕ್ ಬದಲಿಸಿ, ಐದು ಮೌಲ್ಯಗಳನ್ನು ಮೆಮೊರಿಗೆ ತಳ್ಳುತ್ತದೆ. ಮರಳುವಾಗ ‘ಐರೆಟ್’ ಇದನ್ನೆಲ್ಲ ತಿರುಗಿಸಿ ಮಾಡುತ್ತದೆ. ಸೆಗ್ಮೆಂಟ್‌ಗಳನ್ನು ಹೆಸರಿಗಷ್ಟೇ ಬಳಸುವ ಕರ್ನಲ್‌ಗೆ ಈ ತಪಾಸಣೆಯಲ್ಲಿ ಬಹುಪಾಲು ಅನಗತ್ಯ.

ಆ ಅನಗತ್ಯವನ್ನು ಕತ್ತರಿಸಿದ್ದು 1990ರ ದಶಕದ ಕೊನೆ. 1997ರ ಪೆಂಟಿಯಂ 2ರಲ್ಲಿ ಸಿಸ್‌ಎಂಟರ್, ಸಿಸ್‌ಎಕ್ಸಿಟ್ ಬಂದವು. ಎಎಂಡಿ ತನ್ನ ಕೆ6 ಪೀಳಿಗೆಯಲ್ಲಿ ಸಿಸ್‌ಕಾಲ್, ಸಿಸ್‌ರೆಟ್ ತಂದಿತು. ಕರ್ನಲ್‌ನ ಪ್ರವೇಶ ವಿಳಾಸವನ್ನು ಮೊದಲೇ ವಿಶೇಷ ರಿಜಿಸ್ಟರ್‌ನಲ್ಲಿ ಬರೆದಿಟ್ಟಿರುವುದರಿಂದ ಕೋಷ್ಟಕ ಹುಡುಕುವ ಕೆಲಸವೇ ಇಲ್ಲ. ಆದರೆ ಸಿಸ್‌ಎಂಟರ್ ಮರಳಬೇಕಾದ ವಿಳಾಸವನ್ನೂ ಉಳಿಸಿಕೊಳ್ಳುವುದಿಲ್ಲ. ವೇಗಕ್ಕಾಗಿ ಇಷ್ಟು ಜಿಪುಣತನ! ಲಿನಕ್ಸ್ ಇದನ್ನು ವರ್ಷಗಟ್ಟಲೆ ಬದಿಗಿಟ್ಟದ್ದು ಆಶ್ಚರ್ಯವಲ್ಲ.

ಮನಸ್ಸು ಬದಲಾಗುವಂತೆ ಮಾಡಿದ್ದು ಪೆಂಟಿಯಂ 4. ಉದ್ದನೆಯ ಪೈಪ್‌ಲೈನ್‌ನ ಆ ಚಿಪ್‌ನಲ್ಲಿ ‘ಇಂಟ್ 80’ ವಿಪರೀತ ದುಬಾರಿ. ಗಡಿಯಾರದ ವೇಗ ಎಷ್ಟೋ ಕಡಿಮೆಯಿದ್ದ ಪೆಂಟಿಯಂ 3 ಸಿಸ್ಟಮ್ ಕಾಲ್‌ನಲ್ಲಿ ಅದನ್ನು ಹಿಂದೆ ಹಾಕುತ್ತಿದ್ದದ್ದು 2002ರ ಡಿಸೆಂಬರ್‌ನಲ್ಲಿ ಚರ್ಚೆಗೆ ಬಂತು. ಲಿನಸ್ ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಸಿಸ್‌ಎಂಟರ್ ಬೆಂಬಲ ಬರೆದರು. ಪ್ರತಿ ಪ್ರಾಸೆಸ್‌ನ ವಿಳಾಸ ವಲಯದಲ್ಲಿ ಕರ್ನಲ್ ಒಂದು ಪುಟ ಇಡುತ್ತದೆ. ಇರುವ ಚಿಪ್‌ಗೆ ತಕ್ಕ ಸೂಚನೆ ಆ ಪುಟದಲ್ಲಿರುತ್ತದೆ. ಸಿ ಲೈಬ್ರರಿ ಅಲ್ಲಿಗೆ ಕರೆ ಮಾಡಿದರೆ ಸಾಕು. ಮರಳುವ ವಿಳಾಸ ಆ ಪುಟದೊಳಗೆ ಗೊತ್ತಾದ ಜಾಗವೇ ಆದ್ದರಿಂದ ಸಿಸ್‌ಎಂಟರ್‌ನ ಕೊರತೆಯೂ ನೀಗಿತು. 2003ರ ಡಿಸೆಂಬರ್‌ನ ಲಿನಕ್ಸ್ 2.6ರೊಂದಿಗೆ ಇದು ಎಲ್ಲರಿಗೂ ತಲುಪಿತು. ಅದೇ ವರ್ಷ ಬಂದ ಎಎಂಡಿ ಆಪ್ಟೆರಾನ್‌ನಿಂದಾಗಿ 64-ಬಿಟ್ ಲೋಕದಲ್ಲಿ ಸಿಸ್‌ಕಾಲ್ ರೂಢಿಯಾಯಿತು. ಸಮಯ ಕೇಳುವಂಥ ಕರೆಗಳಿಗಂತೂ ಕರ್ನಲ್ ಪ್ರವೇಶವೇ ಬೇಡವಾಯಿತು. ಉತ್ತರ ವಿಡಿಎಸ್‌ಒ ಎಂಬ ಪುಟದಲ್ಲೇ ಸಿಗುತ್ತದೆ.

ಅಗ್ಗವಾದ ಪ್ರವೇಶ 2018ರ ಜನವರಿಯಲ್ಲಿ ಮತ್ತೆ ದುಬಾರಿಯಾಯಿತು. ಮೆಲ್ಟ್‌ಡೌನ್ ಎಂಬ, ಪ್ರೋಗ್ರಾಂ ಕರ್ನಲ್‌ನ ಮೆಮೊರಿಯನ್ನು ಓದಲು ಬಿಡುವ ಪ್ರೊಸೆಸರ್ ದೋಷ ಬಯಲಾದ ಮೇಲೆ ಕರ್ನಲ್ ಮತ್ತು ಪ್ರೋಗ್ರಾಂಗೆ ಬೇರೆಬೇರೆ ಪುಟಕೋಷ್ಟಕ ಬೇಕಾಯಿತು. ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಕೈಸರ್ ವಿಧಾನದಿಂದ ಬೆಳೆದ ಈ ವ್ಯವಸ್ಥೆಯಲ್ಲಿ ಒಳಹೋಗುವಾಗಲೂ ಹೊರಬರುವಾಗಲೂ ಕೋಷ್ಟಕ ಬದಲಾಗಬೇಕು. ಇಲ್ಲಿ ಪ್ರೊಸೆಸರ್‌ನ ವಯಸ್ಸು ಎದ್ದು ಕಾಣುತ್ತದೆ. 2010ರ ವೆಸ್ಟ್‌ಮಿಯರ್‌ನಿಂದೀಚೆಗೆ ಬಂದ ಪಿಸಿಐಡಿ ಸೌಲಭ್ಯ, ವಿಳಾಸ ಅನುವಾದದ ಕ್ಯಾಶೆಯಾದ ಟಿಎಲ್‌ಬಿಯನ್ನು ಪ್ರತಿ ಬದಲಾವಣೆಗೂ ಬರಿದು ಮಾಡದೆ ಉಳಿಸಿಕೊಳ್ಳಲು ಬಿಡುತ್ತದೆ. ಬೆಂಗಳೂರಿನ ಇಂಟೆಲ್ ಕೇಂದ್ರದಲ್ಲಿ ವಿನ್ಯಾಸಗೊಂಡು 2008ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಡನಿಂಗ್‌ಟನ್ (ಜಿಯಾನ್ 7400) ಆರು ಕೋರ್‌ಗಳ, 190 ಕೋಟಿ ಟ್ರಾನ್ಸಿಸ್ಟರ್‌ಗಳ ಚಿಪ್. ಅದರ ಕೋರ್‌ಗಳು ಪೆನ್ರಿನ್ ಪೀಳಿಗೆಯವು, ಪಿಸಿಐಡಿ ಇಲ್ಲ. ಎರಡೇ ವರ್ಷ ಹಿರಿಯದಾದ ತಪ್ಪಿಗೆ ಅಂಥ ಯಂತ್ರ ಪ್ರತಿ ಸಿಸ್ಟಮ್ ಕಾಲ್‌ಗೂ ಪೂರ್ತಿ ದಂಡ ತೆರಬೇಕು.

2019ರಲ್ಲಿ ಲಿನಕ್ಸ್ 5.1ರೊಂದಿಗೆ ಬಂದ ಐಒ-ಯುರಿಂಗ್, ಹಲವು ಕೋರಿಕೆಗಳನ್ನು ಒಟ್ಟುಗೂಡಿಸಿ ಪ್ರವೇಶದ ಸಂಖ್ಯೆಯನ್ನೇ ತಗ್ಗಿಸುವ ದಾರಿ ಹಿಡಿಯಿತು. ಇಂಟೆಲ್ ಸೂಚನೆಯತ್ತಲೇ ಮರಳಿತು. ಅದು ರೂಪಿಸಿದ ಫ್ರೆಡ್ ವ್ಯವಸ್ಥೆಗೆ 2024ರ ಲಿನಕ್ಸ್ 6.9ರಲ್ಲಿ ಬೆಂಬಲ ಸೇರಿತು. ಅದರಲ್ಲಿ ಸಿಸ್‌ಕಾಲ್ ಸೂಚನೆ ಅದೇ. ಆದರೆ ಸ್ಟ್ಯಾಕ್ ಬದಲಿಸಿ ಮೌಲ್ಯಗಳನ್ನು ಉಳಿಸುವ ಹೊಣೆ, ವೇಗಕ್ಕೆಂದು ಒಮ್ಮೆ ಕಿತ್ತುಹಾಕಿದ್ದ ಅದೇ ಕೆಲಸ, ಪುನಃ ಪ್ರೊಸೆಸರ್‌ನ ಪಾಲಿಗೆ ಬಂದಿದೆ.