ಕೆಂಪು ಬಣ, ಬಿಳಿ ಬಣ: ಜಪಾನಿನ ಹಾಡಿನ ಕಾಳಗ

ಮೊದಲ ವರ್ಷ ‘ಕಾಳಗ’ ಎಂಬ ಪದಕ್ಕೇ ಅನುಮತಿ ಸಿಗಲಿಲ್ಲ.

1945ರ ಕೊನೆ. ಯುದ್ಧದಲ್ಲಿ ಸೋತ ಜಪಾನ್ ಮಿತ್ರಪಕ್ಷಗಳ ಸೇನಾಡಳಿತದ ಕೈಯಲ್ಲಿತ್ತು. ಟೋಕಿಯೊದ ಬಹುಭಾಗ ಬಾಂಬಿನ ಬೆಂಕಿಗೆ ಸುಟ್ಟುಹೋಗಿತ್ತು. ಆ ಚಳಿಗಾಲದಲ್ಲಿ ಜಪಾನಿನ ರೇಡಿಯೊ ಸಂಸ್ಥೆ ಎನ್‌ಎಚ್‌ಕೆಯ ನಿರ್ದೇಶಕ ಕೊಂಡೊ ತ್ಸುಮೊರು ವರ್ಷದ ಕಡೆಯ ರಾತ್ರಿಗೊಂದು ಕಾರ್ಯಕ್ರಮ ಹೆಣೆದರು. ಹೆಸರಾಂತ ಗಾಯಕಿಯರದು ಕೆಂಪು ಬಣ, ಗಾಯಕರದು ಬಿಳಿ ಬಣ. ಒಬ್ಬರಾದ ಮೇಲೆ ಒಬ್ಬರು ಹಾಡಬೇಕು, ಕೊನೆಗೆ ಒಂದು ಬಣ ಗೆಲ್ಲಬೇಕು. ಹೆಸರು ‘ಕೋಹಾಕು ಉತಾ ಗಸ್ಸೆನ್’. ಕೋಹಾಕು ಎಂದರೆ ಕೆಂಪು-ಬಿಳಿ, ಉತಾ ಎಂದರೆ ಹಾಡು, ಗಸ್ಸೆನ್ ಎಂದರೆ ರಣರಂಗದ ಕಾಳಗ. ಸೇನಾಡಳಿತದ ಅಧಿಕಾರಿಗಳು ಕೊನೆಯ ಪದದ ಮೇಲೆ ಬೆರಳಿಟ್ಟರು. ನಿನ್ನೆ ಮೊನ್ನೆ ಶರಣಾದ ದೇಶಕ್ಕೆ ಇನ್ನೆಂಥ ಕಾಳಗ? ಕೊಂಡೊ ‘ಗಸ್ಸೆನ್’ ತೆಗೆದು ‘ಶಿಯೈ’ ಎಂದು ಬರೆದರು. ಶಿಯೈ ಎಂದರೆ ಪಂದ್ಯ, ಕ್ರಿಕೆಟ್ ಮ್ಯಾಚಿಗೂ ಸಲ್ಲುವ ಸಾಧು ಪದ. ಡಿಸೆಂಬರ್ 31ರ ರಾತ್ರಿ ಅದು ರೇಡಿಯೊದಲ್ಲಿ ಬಂತು.

ಅಂದು ಹಾಡಿದವರಲ್ಲಿ ನಮಿಕಿ ಮಿಚಿಕೊ ಒಬ್ಬರು. ಸೇಬುಹಣ್ಣಿನ ಬಗ್ಗೆ ಅವರು ಹಾಡಿದ ಲಘು ಧಾಟಿಯ ಸಿನಿಮಾ ಹಾಡು ಆಗಷ್ಟೇ ಊರೂರಲ್ಲಿ ಜನರ ಬಾಯಿಗೆ ಬಂದಿತ್ತು. ಅದೇ ವರ್ಷ ಮಾರ್ಚ್ 10ರ ವಿಮಾನ ದಾಳಿಯಲ್ಲಿ ಆಕೆ ತಾಯಿಯನ್ನು ಕಳೆದುಕೊಂಡಿದ್ದರು. ಹಾಡು ಕೇಳಿದವರ ಮನೆಗಳಲ್ಲೂ ಸಾವಿಲ್ಲದ ಮನೆ ಹುಡುಕಿದರೆ ಎಷ್ಟು ಸಿಗುತ್ತಿದ್ದವೋ.

ಕೆಂಪು-ಬಿಳಿಯ ಜೋಡಿ ಕೊಂಡೊ ಅವರ ಕಲ್ಪನೆಯಲ್ಲ. ಹನ್ನೆರಡನೆಯ ಶತಮಾನದ ಅಂತರ್ಯುದ್ಧದಲ್ಲಿ ತಾಯ್ರಾ ವಂಶದವರು ಕೆಂಪು ಬಾವುಟ ಹಿಡಿದಿದ್ದರು, ಮಿನಮೊತೊ ವಂಶದವರು ಬಿಳಿಯದು. ಅಲ್ಲಿಂದ ಇಲ್ಲಿಯವರೆಗೆ ಶಾಲೆಯ ಆಟೋಟದ ದಿನ ಮಕ್ಕಳ ಟೋಪಿಯೂ ಕೆಂಪು ಇಲ್ಲವೇ ಬಿಳಿ. ಅದಕ್ಕೆ ಗಂಡು-ಹೆಣ್ಣಿನ ಎದುರಾಟವನ್ನು ಬೆಸೆದದ್ದು ರೇಡಿಯೊದ ಜಾಣತನ. ಉತ್ತರ ಕರ್ನಾಟಕದವರಿಗೆ ಈ ಆಟ ಹೊಸದಾಗಿ ಕಾಣದು. ಗೀಗೀ ಮೇಳಗಳಲ್ಲಿ ಹರದೇಶಿಯವರು ಶಿವನನ್ನು ಹಿಡಿದು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಶಕ್ತಿಯನ್ನು ಹಿಡಿದು ಹೆಣ್ಣು ಹೆಚ್ಚೆನ್ನುತ್ತಾರೆ. ಬೆಳಗಾಗುವ ತನಕ ಸವಾಲು, ಜವಾಬು. ಆದರೆ ಅಲ್ಲಿ ಒಬ್ಬರ ಪದ ಇನ್ನೊಬ್ಬರ ಪದವನ್ನು ಹಿಡಿದು ಜಗ್ಗುತ್ತದೆ. ಕೋಹಾಕುವಿನಲ್ಲಿ ಯಾರೂ ಯಾರಿಗೂ ಉತ್ತರ ಕೊಡುವುದಿಲ್ಲ. ತಮ್ಮ ತಮ್ಮ ಜನಪ್ರಿಯ ಹಾಡು ಹಾಡಿ ಕೆಳಗಿಳಿಯುತ್ತಾರೆ. ಕಾಳಗ ಹೆಸರಿಗೆ ಮಾತ್ರ. ನಿಜವಾದ ಪೈಪೋಟಿ ಬೇರೆ ಕಡೆ ನಡೆಯುತ್ತದೆ.

‘ಗಸ್ಸೆನ್’ ಪದ ಮರಳಿ ದಕ್ಕಿದ್ದು 1951ರ ಜನವರಿ 3ರಂದು. ಇಂದಿಗೂ ಲೆಕ್ಕ ಶುರುವಾಗುವುದು ಆ ದಿನದಿಂದಲೇ. ಒಂದೇ ಗಂಟೆಯ ರೇಡಿಯೊ ಕಾರ್ಯಕ್ರಮ, ಬಣಕ್ಕೆ ಏಳೇಳು ಮಂದಿ. ಬಿಳಿ ಬಣ ಗೆದ್ದಿತು. ಮರುವರ್ಷ ಸ್ಟುಡಿಯೊಗೆ ಬರುವ ದಾರಿಯಲ್ಲಿ ಗಾಯಕಿ ಮತ್ಸುಶಿಮಾ ಉತಾಕೊ ಅವರ ವಾಹನ ಅಪಘಾತಕ್ಕೀಡಾಯಿತು. ಅವರ ಜಾಗ ತುಂಬಲು ಕೊಶಿಜಿ ಫುಬುಕಿ ಅವರನ್ನು ತುರ್ತಾಗಿ ಕರೆಸಿದರು. ಹೊಸ ವರ್ಷದ ಸಡಗರದಲ್ಲಿದ್ದ ಆಕೆ ಅಷ್ಟು ಹೊತ್ತಿಗೆ ಒಂದಿಷ್ಟು ಸಾಕೆ ಮದ್ಯ ಏರಿಸಿದ್ದರಂತೆ. ಹಾಡಿದ್ದಂತೂ ಹಾಡಿದರು.

ಜನವರಿಯ ಹಬ್ಬ ಡಿಸೆಂಬರಿಗೆ ಜಾರಿದ್ದಕ್ಕೆ ಕಾರಣ ಕಲೆಯಲ್ಲ, ಜಾಗ. ಎನ್‌ಎಚ್‌ಕೆ 1953ರ ಫೆಬ್ರುವರಿ 1ರಂದು ಟೆಲಿವಿಷನ್ ಪ್ರಸಾರ ಆರಂಭಿಸಿತು. ಅಂದು ಒಪ್ಪಂದ ಮಾಡಿಕೊಂಡಿದ್ದ ಮನೆಗಳು ಬರೀ 866. ಟೀವಿಗೆ ದೊಡ್ಡ ವೇದಿಕೆ ಬೇಕು, ಎದುರಿಗೆ ಪ್ರೇಕ್ಷಕರು ಬೇಕು. ಹೊಸ ವರ್ಷದ ಮೊದಲ ವಾರ ಟೋಕಿಯೊದ ದೊಡ್ಡ ನಾಟಕಶಾಲೆಗಳೆಲ್ಲ ತುಂಬಿ ತುಳುಕುತ್ತವೆ. ಡಿಸೆಂಬರ್ 31ರ ರಾತ್ರಿ ಖಾಲಿ. ಹೀಗೆ 1953ರ ಕೊನೆಯ ದಿನ ನಾಲ್ಕನೆಯ ಕೋಹಾಕು ನಿಚಿಗೆಕಿ ರಂಗಮಂದಿರದಿಂದ ಟೀವಿಯಲ್ಲಿ ಪ್ರಸಾರವಾಯಿತು. ಅದೇ ವರ್ಷ ಜನವರಿಯಲ್ಲಿ ಮೂರನೆಯದು ಆಗಿಹೋಗಿದ್ದರಿಂದ 1953ಕ್ಕೆ ಎರಡು ಕೋಹಾಕು.

ಹತ್ತು ವರ್ಷ ಕಳೆಯುವುದರೊಳಗೆ ಟೀವಿ ಇರುವ ಮನೆಗಳು ಒಂದು ಕೋಟಿ ದಾಟಿದವು. 1963ರ ಕೋಹಾಕುವನ್ನು ಟೋಕಿಯೊ ಸುತ್ತಲಿನ ಕಾಂಟೊ ಸೀಮೆಯಲ್ಲಿ ನೂರಕ್ಕೆ 81.4 ಮನೆಗಳು ನೋಡಿದವು. ಆ ಅಂಕಿಯನ್ನು ಈವರೆಗೆ ಯಾವ ಕೋಹಾಕುವೂ ಮುಟ್ಟಿಲ್ಲ. ಆ ರಾತ್ರಿ ಮನೆ ಮನೆಯಲ್ಲಿ ಕಾಣುವುದು ಒಂದೇ ನೋಟ: ಗುಡಿಸಿ ಒರೆಸಿದ ಮನೆ, ಕೊತಾತ್ಸು ಎಂಬ ಕಂಬಳಿ ಹೊದ್ದ ಬಿಸಿ ಮೇಜಿನಡಿ ಎಲ್ಲರ ಕಾಲು, ವರ್ಷ ದಾಟಿಸುವ ಸೋಬಾ ಶ್ಯಾವಿಗೆಯ ಬಟ್ಟಲು, ಎದುರಿಗೆ ಟೀವಿ. ಅಜ್ಜಿ ಮೆಚ್ಚುವ ಎಂಕಾ ಎಂಬ ಹಳೆಯ ಧಾಟಿಯ ಹಾಡಿಗೆ ಮೊಮ್ಮಗ ಆಕಳಿಸುತ್ತಾನೆ. ಮೊಮ್ಮಗನ ತಾರೆ ಬಂದಾಗ ಅಜ್ಜಿ ಚಹಾ ಮಾಡಲು ಏಳುತ್ತಾಳೆ.

ನಮ್ಮ ಟೀವಿಯ ಹಾಡಿನ ಸ್ಪರ್ಧೆಗಳಿಗೆ ಪಳಗಿದ ಕಣ್ಣಿಗೆ ಇದು ತಲೆಕೆಳಗಾದ ಆಟ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಹೆಸರಿಲ್ಲದ ಕಂಠಗಳಿಗೆ ಹೆಸರು ಕೊಟ್ಟಿತು. ಇಲ್ಲಿ ಹೆಸರು ಮಾಡಿದವರಿಗಷ್ಟೇ ಬಾಗಿಲು. ನವೆಂಬರಿನಲ್ಲಿ ಎನ್‌ಎಚ್‌ಕೆ ಆ ವರ್ಷದ ಪಟ್ಟಿ ಪ್ರಕಟಿಸುತ್ತದೆ. ಯಾರು ಒಳಗೆ, ಯಾರು ಹೊರಗೆ, ಯಾರಿಗೆ ಎಷ್ಟನೆಯ ಸಲ ಎಂಬುದು ಪತ್ರಿಕೆಗಳಿಗೆ ಹಬ್ಬ. ಒಮ್ಮೆ ಕೋಹಾಕುವಿನಲ್ಲಿ ಹಾಡಿದರೆ ಊರೂರಿನ ಕಛೇರಿಗಳ ಪೋಸ್ಟರಿನಲ್ಲಿ ‘ಕೋಹಾಕು ಗಾಯಕಿ’ ಎಂದು ಹಾಕಿಕೊಳ್ಳಬಹುದು. ಪಟ್ಟಿಯಿಂದ ಬಿದ್ದವರ ಅಳಲೂ ಸುದ್ದಿಯೇ.

ಒಳಗೆ ಬಂದ ಮೇಲೆ ಪೈಪೋಟಿ ಸರದಿಗಾಗಿ. ಪ್ರತಿ ಬಣದ ಕೊನೆಯ ಹಾಡುಗಾರನಿಗೆ ‘ತೊರಿ’ ಎನ್ನುತ್ತಾರೆ. ಪದ ಬಂದದ್ದು ರಾಕುಗೊ ಕತೆ ಹೇಳುವವರ ರಂಗದಿಂದ. ಅಲ್ಲಿ ಹಿರಿಯ ಕಲಾವಿದ ಕಡೆಗೆ ಬರುತ್ತಾನೆ. ಇಡೀ ರಾತ್ರಿಯ ಕೊನೆಯ ಹಾಡು ‘ಓತೊರಿ’, ದೊಡ್ಡ ತೊರಿ. ನಮ್ಮಲ್ಲಿ ಸಂಗೀತೋತ್ಸವದ ಕಛೇರಿಗಳ ಹೊತ್ತು, ಸರದಿಗಾಗಿ ತೆರೆಮರೆಯಲ್ಲಿ ನಡೆಯುವ ಗುದ್ದಾಟ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಮಿಸೊರಾ ಹಿಬಾರಿ 1963ರಿಂದ 1972ರವರೆಗೆ ಸತತ ಹತ್ತು ವರ್ಷ ಕೆಂಪು ಬಣದ ತೊರಿ. 1970ರಲ್ಲಂತೂ ಬಣದ ನಾಯಕಿಯಾಗಿ ನಿರೂಪಣೆಯೂ ಅವರದೇ, ಕೊನೆಯ ಹಾಡೂ ಅವರದೇ. 1973ರಲ್ಲಿ ಆಕೆಯ ತಮ್ಮನಿಗೆ ಯಾಕುಜಾ ಎಂಬ ಪಾತಕಿ ಗುಂಪಿನ ನಂಟಿದೆಯೆಂಬ ಗಲಾಟೆ ಎದ್ದಿತು. ಸಭಾಂಗಣಗಳು ಬಾಗಿಲು ಮುಚ್ಚಿದವು. ಎನ್‌ಎಚ್‌ಕೆಯ ಪಟ್ಟಿಯಲ್ಲಿ ಹಿಬಾರಿ ಹೆಸರಿರಲಿಲ್ಲ. ಆಮೇಲೆ ಆಕೆ ಆ ವೇದಿಕೆ ಹತ್ತಿದ್ದು 1979ರಲ್ಲಿ ಒಮ್ಮೆ, ಅದೂ ವಿಶೇಷ ಅತಿಥಿಯಾಗಿ. 1989ರ ಜೂನಿನಲ್ಲಿ ತೀರಿಕೊಂಡರು. ಮೂವತ್ತು ವರ್ಷದ ಬಳಿಕ, 2019ರ ಕೋಹಾಕುವಿನಲ್ಲಿ ಕಂಪ್ಯೂಟರು ಕಟ್ಟಿದ ಅವರ ದನಿ ಹೊಸದೊಂದು ಹಾಡು ಹಾಡಿತು. ಬದುಕಿದ್ದಾಗ ಕೈಬಿಟ್ಟವರು ಸತ್ತ ಮೇಲೆ ಯಂತ್ರದಿಂದ ಕರೆಸಿಕೊಂಡರು ಎಂದು ಯಾರಾದರೂ ಕಹಿಯಾಗಿ ಅಂದರೆ ಅಲ್ಲಗಳೆಯುವುದು ಕಷ್ಟ.

ಎಪ್ಪತ್ತರ ದಶಕದಲ್ಲಿ ಡಿಸೆಂಬರ್ 31ಕ್ಕೆ ಇನ್ನೊಂದು ಓಟವೂ ಇತ್ತು. ಅದೇ ಸಂಜೆ ಬೇರೆ ಚಾನೆಲ್‌ನಲ್ಲಿ, ಇಂಪೀರಿಯಲ್ ಥಿಯೇಟರಿನಿಂದ, ಜಪಾನ್ ರೆಕಾರ್ಡ್ ಪ್ರಶಸ್ತಿ ಸಮಾರಂಭ. ಪ್ರಶಸ್ತಿ ಗೆದ್ದ ಗಾಯಕಿ ಕಣ್ಣೀರು ಒರೆಸಿಕೊಳ್ಳುತ್ತಲೇ ಕಾರು ಹತ್ತಿ, 1973ರಿಂದ ಕೋಹಾಕುವಿನ ಮನೆಯಾಗಿದ್ದ ಶಿಬುಯಾದ ಎನ್‌ಎಚ್‌ಕೆ ಸಭಾಂಗಣಕ್ಕೆ ಧಾವಿಸಬೇಕು. ಬಂದದ್ದು ತಡವಾದರೆ ಎರಡೂ ಕಡೆಯವರಿಗೆ ಎದೆ ಡವಡವ. 2006ರಲ್ಲಿ ಪ್ರಶಸ್ತಿಯವರೇ ಒಂದು ದಿನ ಹಿಂದೆ ಸರಿದರು.

ಗೆಲುವು ಎಣಿಸುವ ಬಗೆಯಂತೂ ನಗು ತರಿಸುತ್ತದೆ. ತೀರ್ಪುಗಾರರಾಗಿ ಕೂರುವವರು ಸಿನಿಮಾ ನಟರು, ಕ್ರೀಡಾಪಟುಗಳು, ಲೇಖಕರು. ಸಂಗೀತ ಬಲ್ಲವರೇ ಆಗಬೇಕೆಂದಿಲ್ಲ. ಜೊತೆಗೆ ಸಭಿಕರ ಮತ. ಸಭಿಕರೆಲ್ಲ ಒಮ್ಮೆಗೇ ಕೆಂಪು ಇಲ್ಲವೇ ಬಿಳಿ ಬಣ್ಣ ಎತ್ತಿ ಹಿಡಿದರೆ ಎಣಿಸುವವರು ಯಾರು? 1980ರ ದಶಕದಲ್ಲಿ ಎನ್‌ಎಚ್‌ಕೆ ಜಪಾನಿನ ಕಾಡುಹಕ್ಕಿ ಸಂಘದವರನ್ನು ಕರೆಸಿತು. ಕೆರೆಯ ಮೇಲೆ ಇಳಿಯುವ ಬಾತುಗಳ ಹಿಂಡನ್ನು ಕಣ್ಣಳತೆಯಲ್ಲೇ ಎಣಿಸಿ ಅಭ್ಯಾಸವಿದ್ದವರು ಅವರು. ವೇದಿಕೆಯ ಮೇಲೆ ನಿಂತು, ಕೈಯಲ್ಲಿನ ಎಣಿಕೆ ಯಂತ್ರ ಒತ್ತುತ್ತ ಸಭಾಂಗಣವನ್ನು ಎಣಿಸಿದರು. ಹಾಡಿದ ತಾರೆಯರಲ್ಲಿ ಎಷ್ಟೋ ಜನರನ್ನು ಮರೆತವರಿಗೂ ಆ ಹಕ್ಕಿ ಎಣಿಸುವವರು ನೆನಪಿದ್ದಾರೆ.

ಕೋಹಾಕುವಿನ ತುಂಬು ಯೌವನದ ಕೊನೆಯ ರಾತ್ರಿ ಯಾವುದೆಂದರೆ 1984ರದು. ಎಂಕಾ ಗಾಯಕಿ ಮಿಯಾಕೊ ಹರುಮಿ ತಾನಿನ್ನು ಸಾಮಾನ್ಯ ಹೆಂಗಸಾಗಿ ಬಾಳುತ್ತೇನೆಂದು ನಿವೃತ್ತಿ ಸಾರಿದ್ದರು. ಆ ರಾತ್ರಿ ಓತೊರಿ ಅವರದು. ಹಾಡು ಮುಗಿದರೂ ಚಪ್ಪಾಳೆ ನಿಲ್ಲಲಿಲ್ಲ. ನಿಮಿಷ ನಿಮಿಷ ಅಳೆದಿಟ್ಟ ನೇರಪ್ರಸಾರದಲ್ಲಿ ಬಿಳಿ ಬಣದ ನಿರೂಪಕ ಸುಜುಕಿ ಕೆಂಜಿ ತನಗೊಂದು ನಿಮಿಷ ಕೊಡಿ ಎಂದು ಕೇಳಿಕೊಂಡು, ಇನ್ನೊಂದು ಹಾಡು ಹಾಡುವಂತೆ ಅವರನ್ನು ಒಪ್ಪಿಸಿದರು. ಅಳು ಉಕ್ಕಿ ಮಿಯಾಕೊಗೆ ಹಾಡಲಾಗದೆ ಉಳಿದ ಗಾಯಕರೇ ಸುತ್ತ ನಿಂತು ಹಾಡಿದರು. ಅಷ್ಟರಲ್ಲಿ ಇನ್ನೊಬ್ಬ ಅನೌನ್ಸರ್ ಭಾವುಕತೆಯಲ್ಲಿ ಆಕೆಯ ಹೆಸರಿನ ಬದಲು ‘ಮಿಸೊರಾ’ ಎಂದುಬಿಟ್ಟರು. ಕೋಟ್ಯಂತರ ಜನರ ಮುಂದೆ, ಬೇರಾವ ಹೆಸರೂ ಅಲ್ಲ, ಹಿಬಾರಿಯದೇ! ಆ ವರ್ಷ ನೋಡಿದ ಮನೆಗಳ ಅಂಕಿ ನೂರಕ್ಕೆ 78.1. ಸಾಮಾನ್ಯ ಹೆಂಗಸಾಗುವ ಮಾತು ಮಾತ್ರ ನಿಲ್ಲಲಿಲ್ಲ. ಐದು ವರ್ಷಕ್ಕೆ ಮಿಯಾಕೊ ಅದೇ ವೇದಿಕೆಗೆ ಮರಳಿದರು.

ಅಲ್ಲಿಂದ ಇಳಿಜಾರು. 1985ರಲ್ಲಿ 66, ಮರುವರ್ಷ 59.4, 1988ರಲ್ಲಿ 53.9. ಮನೆಗೊಂದಿದ್ದ ಟೀವಿ ಕೋಣೆಗೊಂದಾಗಿತ್ತು; ಮೊಮ್ಮಗ ಕೊತಾತ್ಸುವಿನಿಂದ ಎದ್ದು ಹೋಗಿದ್ದ. ತಾವೇ ಹಾಡು ಬರೆದು ಹಾಡುವ ಹೊಸ ಕಾಲದವರಿಗೆ ಮೂರು ನಿಮಿಷ ಹಾಡಿ ಬಣ್ಣದ ಲೆಕ್ಕಕ್ಕೆ ಸೇರುವ ಆಸೆ ಇರಲಿಲ್ಲ. ಅನೇಕರು ಕರೆದರೂ ಬರಲಿಲ್ಲ. 1989ರಲ್ಲಿ ಎನ್‌ಎಚ್‌ಕೆ ಕಾರ್ಯಕ್ರಮವನ್ನು ಎರಡು ಭಾಗ ಮಾಡಿ ಉದ್ದ ಎಳೆಯಿತು. ಮುಖ್ಯ ಭಾಗಕ್ಕೂ ಸಿಕ್ಕಿದ್ದು 47. 2003ರಲ್ಲಿ ಆಗಬಾರದ್ದು ಆಯಿತು. ಸುಮೊ ಕುಸ್ತಿಯ ಮಾಜಿ ಯೊಕೊಝುನಾ, ಅಂದರೆ ಅಗ್ರಮಲ್ಲ, ಅಕೆಬೊನೊ ಅಮೆರಿಕದ ಬಾಬ್ ಸ್ಯಾಪ್ ಜೊತೆ ಕಾದಾಡುವುದನ್ನು ಇನ್ನೊಂದು ಚಾನೆಲ್ ತೋರಿಸಿತು. ನಾಲ್ಕು ನಿಮಿಷಗಳ ಕಾಲ ಜಪಾನ್ ಕೋಹಾಕು ಬಿಟ್ಟು ಅದನ್ನು ನೋಡಿತು. ಹಾಡಿನ ಕಾಳಗವನ್ನು ಮಣಿಸಲು ನಿಜವಾದ ಗುದ್ದಾಟವೇ ಬೇಕಾಯಿತು. ಮರುವರ್ಷ ಎನ್‌ಎಚ್‌ಕೆಯ ನಿರ್ಮಾಪಕರೊಬ್ಬರ ಹಣ ದುರುಪಯೋಗದ ಹಗರಣ ಹೊರಬಿದ್ದು ಅಂಕಿ 40ರ ಕೆಳಗೆ ಹೋಯಿತು.

ಆ ವರ್ಷಗಳಲ್ಲಿ ಕಣ್ಣು ಕಟ್ಟಿದ್ದು ಬಟ್ಟೆ. ಕೆಂಪು ಬಣದ ಕೊಬಾಯಾಶಿ ಸಚಿಕೊ, ಬಿಳಿ ಬಣದ ಮಿಕಾವಾ ಕೆನ್‌ಇಚಿ ಇಬ್ಬರೂ ವರ್ಷ ವರ್ಷ ವೇಷದಲ್ಲೇ ಸೆಣಸಿದರು. ಕೊಬಾಯಾಶಿಯವರದನ್ನು ಉಡುಪು ಎನ್ನುವುದಕ್ಕಿಂತ ತೇರು ಎನ್ನುವುದೇ ವಾಸಿ. ಒಳಗೆ ಆಕೆ, ಸುತ್ತ ರೆಕ್ಕೆ, ದೀಪ, ಯಂತ್ರ. ಮಿಕಾವಾ ಗಂಡಸರ ಬಣದಲ್ಲಿ ನಿಂತೇ ಮಹಾರಾಣಿಯಂತೆ ಅಲಂಕರಿಸಿಕೊಳ್ಳುತ್ತಿದ್ದರು. ಯಾರೂ ಹುಬ್ಬೇರಿಸಲಿಲ್ಲ. ಆದರೆ 2007ರಲ್ಲಿ ಟ್ರಾನ್ಸ್‌ಜೆಂಡರ್ ಗಾಯಕಿ ನಕಾಮುರಾ ಅತಾರು ಕೆಂಪು ಬಣದಲ್ಲಿ ಹಾಡಿದಾಗ, ಬಣ್ಣ ಹಂಚುವುದು ಯಾವ ಲೆಕ್ಕದಲ್ಲಿ ಎಂಬ ಪ್ರಶ್ನೆ ಬಹಿರಂಗಕ್ಕೆ ಬಂತು. ಅದು ಮತ್ತೆ ಒಳಗೆ ಹೋಗಲಿಲ್ಲ. 2021ರಲ್ಲಿ ಎನ್‌ಎಚ್‌ಕೆ ಕೆಂಪು ಬಣದ ನಾಯಕಿ, ಬಿಳಿ ಬಣದ ನಾಯಕ ಎಂಬ ಪಟ್ಟಗಳನ್ನೇ ಕೈಬಿಟ್ಟು ಮೂವರು ನಿರೂಪಕರನ್ನು ಸಮವಾಗಿ ನಿಲ್ಲಿಸಿತು. ಬಣಗಳು ಉಳಿದವು, ಬಾವುಟವೂ ಉಳಿಯಿತು.

2023ರಲ್ಲಿ ಇನ್ನೊಂದು ಖಾಲಿ ಜಾಗ ಕಾಣಿಸಿತು. ಹುಡುಗರ ತಂಡಗಳನ್ನು ಬೆಳೆಸಿ ದಶಕಗಟ್ಟಲೆ ಬಿಳಿ ಬಣವನ್ನು ತುಂಬಿದ್ದ ಜಾನೀಸ್ ಸಂಸ್ಥೆ, ತನ್ನ ತೀರಿಹೋದ ಸ್ಥಾಪಕ ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನ್ನು ಒಪ್ಪಿಕೊಂಡಿತ್ತು. 44 ವರ್ಷಗಳಲ್ಲಿ ಮೊದಲ ಬಾರಿಗೆ ಅಲ್ಲಿಂದ ಒಬ್ಬರೂ ಬರಲಿಲ್ಲ. ಆ ರಾತ್ರಿಯ ಮುಖ್ಯ ಭಾಗದ ಅಂಕಿ 31.9, ಅಲ್ಲಿಯವರೆಗಿನ ಅತಿ ಕಡಿಮೆ.

ಮರುವರ್ಷ, ಕರೆದರೂ ಬಾರದವರ ಸಾಲಿನಿಂದ ‘ಬೀಜ್’ ಎಂಬ ರಾಕ್ ಜೋಡಿ ಬಂತು. 1988ರಲ್ಲಿ ಹಾಡಲು ತೊಡಗಿದವರಿಗೆ ಅದೇ ಮೊದಲ ಕೋಹಾಕು. ಬೇರೆ ಸ್ಟುಡಿಯೊದಲ್ಲಿ ಒಂದು ಹಾಡು ಮುಗಿಸಿದವರು ಮುನ್ಸೂಚನೆಯಿಲ್ಲದೆ ಎನ್‌ಎಚ್‌ಕೆ ಸಭಾಂಗಣದ ವೇದಿಕೆಗೇ ನುಗ್ಗಿದರು. ಎರಡನೆಯ ಹಾಡು ಶುರುವಾದದ್ದೇ ಮೈಕು ಕೈಕೊಟ್ಟಿತು. ಗಾಯಕನ ಬಾಯಿ ಆಡುತ್ತಿದೆ, ದನಿ ಕೇಳುತ್ತಿಲ್ಲ. ಆತ ನಿಲ್ಲಿಸಲಿಲ್ಲ, ಮುಖವನ್ನೂ ಕಿವುಚಲಿಲ್ಲ. ದನಿ ಮರಳುವ ತನಕ ಹಾಗೇ ಹಾಡುತ್ತಿದ್ದ. ಸಭಾಂಗಣ ಎದ್ದು ನಿಂತು ಕೂಗಿತು. ಎಂದಿನಂತೆ ಎಲ್ಲರೂ ಸೇರಿ ಬೀಳ್ಕೊಡುಗೆಯ ಹಾಡು ಹಾಡಿದರು, ಕಾಗದದ ಚೂರುಗಳು ಉದುರಿದವು. ರಾತ್ರಿ 11.45ಕ್ಕೆ ಟೀವಿ ದೇವಾಲಯದ ಗಂಟೆಗಳ ಕಡೆ ಹೊರಳಿತು. ಗೆದ್ದದ್ದು ಬಿಳಿ ಬಣ.