ಶ್ರವಣ ಮತ್ತು ವಾಚನ: ಕಾಲೇಜು ವಿದ್ಯಾರ್ಥಿಗಳ ಇಂಗ್ಲಿಷು ಪರೀಕ್ಷೆಯ ಚರಿತ್ರೆ

೧

ಭಾಷೆಯ ಬಲ್ಮೆಯು ನಾಲ್ಕು ಬಗೆಯದು: ಕೇಳುವುದು, ಆಡುವುದು, ಓದುವುದು, ಬರೆಯುವುದು. ಇವುಗಳಲ್ಲಿ ಆಡುವುದೂ ಬರೆಯುವುದೂ ಹೊರಗೆ ಪ್ರಕಟವಾಗತಕ್ಕವು. ಆಡಿದ ಮಾತು ಪರೀಕ್ಷಕನ ಕಿವಿಗೆ ಬೀಳುತ್ತದೆ. ಬರೆದ ಲೇಖನವು ಅವನ ಕೈಗೆ ಬರುತ್ತದೆ. ಕೇಳುವುದೂ ಓದುವುದೂ ಮನಸ್ಸಿನೊಳಗೆ ನಡೆದು ಮನಸ್ಸಿನೊಳಗೇ ಮುಗಿಯುವ ವ್ಯಾಪಾರಗಳು. ಅವುಗಳನ್ನು ಅಳೆಯಬೇಕೆಂದು ಹೊರಟವನು ಬೇರೊಂದು ಕುರುಹನ್ನು ಆಶ್ರಯಿಸಲೇಬೇಕು. ಹಾಗೆ ಆಶ್ರಯಿಸಿದ ಮೇಲೆ ಆ ಕುರುಹನ್ನೇ ಮೂಲವಸ್ತುವೆಂದು ಭ್ರಮಿಸುವ ಅಪಾಯವು ಅವನ ಬೆನ್ನಿಗೇ ಇರುತ್ತದೆ. ಕಾಲೇಜು ವಿದ್ಯಾರ್ಥಿಗಳ ಇಂಗ್ಲಿಷನ್ನು ಅಳೆಯುವ ಕ್ರಮದ ಚರಿತ್ರೆಯು ಬಹುಮಟ್ಟಿಗೆ ಈ ಭ್ರಮೆಯ ಚರಿತ್ರೆಯೂ, ಅದರಿಂದ ಬಿಡಿಸಿಕೊಳ್ಳಲು ನಡೆದ ಪ್ರಯತ್ನಗಳ ಚರಿತ್ರೆಯೂ ಆಗಿದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ನಮ್ಮಲ್ಲಿ ವಿದ್ವಾಂಸನಿಗೆ ಬಹುಶ್ರುತನೆಂದು ಹೆಸರು. ಹೆಚ್ಚು ಕೇಳಿದವನೇ ಹೆಚ್ಚು ಬಲ್ಲವನು. ಅಕ್ಷರವನ್ನರಿಯದ ಒಕ್ಕಲಿಗನೂ ಗಮಕಿಯ ಬಾಯಿಂದ ಕುಮಾರವ್ಯಾಸನನ್ನು ಕೇಳಿ ಅರ್ಥವನ್ನು ಹಿಡಿಯಬಲ್ಲವನಾಗಿದ್ದನು. ಕಿವಿಯನ್ನೇ ವಿದ್ಯೆಯ ಹೆಬ್ಬಾಗಿಲೆಂದು ಎಣಿಸಿದ ದೇಶದಲ್ಲಿ ಇಂಗ್ಲಿಷು ಮಾತ್ರ ಲೇಖನಿಯ ಮೂಲಕವೇ ಪರೀಕ್ಷಿತವಾಗುತ್ತ ಬಂದಿತು. ಇದು ಹೇಗಾಯಿತೆಂಬುದು ವಿಚಾರಾರ್ಹವಾದ ಸಂಗತಿ.

೨

೧೮೩೫ನೆಯ ಇಸವಿಯ ಫೆಬ್ರವರಿ ೨ರಂದು ಮೆಕಾಲೆಯು ಬರೆದ ಟಿಪ್ಪಣಿಯೂ, ಅದೇ ಮಾರ್ಚಿ ತಿಂಗಳಲ್ಲಿ ಬೆಂಟಿಂಕನು ಹೊರಡಿಸಿದ ನಿರ್ಣಯವೂ ವಾಚಕರಿಗೆ ಪರಿಚಿತವಾದವುಗಳೇ. ಆದರೆ ಪರೀಕ್ಷೆಯ ಚರಿತ್ರೆಗೆ ಅವುಗಳಿಗಿಂತಲೂ ಮುಖ್ಯವಾದುದು ೧೮೪೪ರಲ್ಲಿ ಹಾರ್ಡಿಂಜನು ಮಾಡಿದ ಆಜ್ಞೆ. ಇಂಗ್ಲಿಷು ವಿದ್ಯೆಯಲ್ಲಿ ತೇರ್ಗಡೆಯಾದವರಿಗೆ ಸರ್ಕಾರದ ಉದ್ಯೋಗಗಳಲ್ಲಿ ಮನ್ನಣೆಯುಂಟೆಂದು ಸಾರಿದ ಆ ದಿನದಿಂದ, ಭಾಷೆಯ ಪರೀಕ್ಷೆಯು ಹೊಟ್ಟೆಯ ಪಾಡಿನೊಡನೆ ಹೆಣೆದುಕೊಂಡಿತು. ಜೀವನೋಪಾಯವು ಪರೀಕ್ಷೆಗೆ ಅಧೀನವಾದ ಮೇಲೆ ಪಾಠಕ್ರಮವೂ ಅದಕ್ಕೆ ಅಧೀನವಾಗುವುದು ಸಹಜವೇ.

ವುಡ್ಡನ ೧೮೫೪ರ ಶಿಕ್ಷಣ ನಿರೂಪವನ್ನನುಸರಿಸಿ ೧೮೫೭ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳು ಹುಟ್ಟಿದುವು. ಇವುಗಳಿಗೆ ಲಂಡನ್ನಿನ ವಿಶ್ವವಿದ್ಯಾನಿಲಯವು ಮಾದರಿಯಾಗಿತ್ತು. ಪಾಠ ಹೇಳುವುದು ಕಾಲೇಜುಗಳ ಕೆಲಸ. ಪರೀಕ್ಷೆ ಮಾಡಿ ಪದವಿಯನ್ನು ಕೊಡುವುದು ವಿಶ್ವವಿದ್ಯಾನಿಲಯದ ಕೆಲಸ. ಹೀಗೆ ಪಾಠ ಹೇಳಿದ ಗುರುವು ಬೇರೆ, ತೂಗಿ ನೋಡುವ ಪರೀಕ್ಷಕನು ಬೇರೆ ಎಂದಾದಾಗ, ದೂರದ ಊರಿನ ವಿದ್ಯಾರ್ಥಿಯನ್ನು ಪರೀಕ್ಷಕನು ಬಲ್ಲುದಕ್ಕೆ ಉತ್ತರಪತ್ರಿಕೆಯೊಂದೇ ಆಧಾರವಾಯಿತು. ಬಾಯಿ ಪರೀಕ್ಷೆಗೆ ಎಲ್ಲಿಯಾದರೂ ಎಡೆಯಿದ್ದರೂ ನಿರ್ಣಾಯಕವಾದುದು ಬರೆದ ಉತ್ತರವೇ.

ಕಲ್ಕತ್ತೆಯ ಪ್ರವೇಶ ಪರೀಕ್ಷೆಯಲ್ಲಿ ಮೊದಮೊದಲು ಚರಿತ್ರೆ, ಗಣಿತ ಮುಂತಾದ ವಿಷಯಗಳಿಗೆ ದೇಶಭಾಷೆಯಲ್ಲಿ ಉತ್ತರವನ್ನು ಬರೆಯಲು ಅವಕಾಶವಿದ್ದಿತು. ೧೮೬೦ರ ದಶಕದಲ್ಲಿ ಅದೂ ತಪ್ಪಿಹೋಯಿತು. ಅಂದಿನಿಂದ ಎಲ್ಲ ಪರೀಕ್ಷೆಗಳೂ ಒಳಗೊಳಗೆ ಇಂಗ್ಲಿಷಿನ ಪರೀಕ್ಷೆಗಳೇ ಆದುವು. ಮಟ್ಟವಂತೂ ಕಠಿನವಾಗಿಯೇ ಇತ್ತು. ೧೮೫೮ರಲ್ಲಿ ನಡೆದ ಕಲ್ಕತ್ತೆಯ ಮೊದಲನೆಯ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು, ಯದುನಾಥ ಬೋಸರು, ಇವರಿಬ್ಬರೇ. ಅವರಿಗೂ ಒಂದು ವಿಷಯದಲ್ಲಿ ಕೃಪಾಂಕಗಳನ್ನು ಕೊಡಬೇಕಾಯಿತು. ಮುಂದೆ ವಂಗಸಾಹಿತ್ಯಕ್ಕೆ ಯುಗಪ್ರವರ್ತಕನಾದವನ ವಿದ್ವತ್ತನ್ನು ಕೆಲವು ಅಂಕಗಳ ದಾಕ್ಷಿಣ್ಯದಿಂದ ಒಪ್ಪಿಕೊಂಡ ಪರೀಕ್ಷೆಯು ಏನನ್ನು ಅಳೆಯಿತೆಂದು ಕೇಳಬೇಕಾದುದು ನ್ಯಾಯವೇ.

ಇನ್ನು ಓದುವ ಶಕ್ತಿಯ ಪರೀಕ್ಷೆ. ಅದು ಗೊತ್ತುಮಾಡಿದ ಪಠ್ಯಗ್ರಂಥದ ಮೂಲಕ ನಡೆಯುತ್ತಿತ್ತು. ಗ್ರಂಥದಿಂದ ಎರಡು ಸಾಲುಗಳನ್ನೆತ್ತಿಕೊಟ್ಟು, ಸಂದರ್ಭವನ್ನು ಸೂಚಿಸಿ ವಿವರಿಸಿರೆಂದು ಕೇಳುವ ಪದ್ಧತಿಯು ಸಾಹಿತ್ಯದ ಅಧ್ಯಾಪಕರೆಲ್ಲರಿಗೂ ಚಿರಪರಿಚಿತವಾದುದು. ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಟ್ಟವನು ಗ್ರಂಥವನ್ನು ಓದಿ ತಿಳಿದವನಾಗಿರಬಹುದು; ಅಂಗಡಿಯಲ್ಲಿ ಸಿಕ್ಕುವ ಟಿಪ್ಪಣಿಯನ್ನು ಉರುಹೊಡೆದವನೂ ಆಗಿರಬಹುದು. ಇವರಿಬ್ಬರನ್ನು ಬೇರ್ಪಡಿಸುವ ಉಪಾಯವು ಪರೀಕ್ಷಕನಲ್ಲಿರಲಿಲ್ಲ. ಮೊದಲೇ ಕಂಡ ಪಾಠದ ಮೇಲೆ ಕೇಳಿದ ಪ್ರಶ್ನೆಯು ಜ್ಞಾಪಕಶಕ್ತಿಯನ್ನು ಅಳೆಯುತ್ತದೆ. ವಾಚನಶಕ್ತಿಯನ್ನು ಅಳೆಯಬೇಕಾದರೆ ಎಂದೂ ಕಾಣದ ಪಾಠವನ್ನು ಮುಂದಿಡಬೇಕು.

೩

ಈ ಪದ್ಧತಿಯ ಫಲವೇನಾಯಿತೆಂಬುದಕ್ಕೆ ೧೯೦೨ರ ಭಾರತೀಯ ವಿಶ್ವವಿದ್ಯಾನಿಲಯಗಳ ಆಯೋಗದ ವರದಿಯೇ ಸಾಕ್ಷಿ. ಕರ್ಜನನು ನೇಮಿಸಿದ ಈ ಆಯೋಗಕ್ಕೆ ಥಾಮಸ್ ರಾಲೆಯು ಅಧ್ಯಕ್ಷನಾಗಿದ್ದನು. ಸೈಯದ್ ಹುಸೇನ್ ಬಿಲ್‌ಗ್ರಾಮಿಯವರೂ ಗುರುದಾಸ ಬ್ಯಾನರ್ಜಿಯವರೂ ಸದಸ್ಯರಲ್ಲಿ ಸೇರಿದ್ದರು. ಇಂಗ್ಲಿಷಿನ ವಿಷಯದಲ್ಲಿ ಈ ವರದಿಯು ಮಾಡುವ ಮುಖ್ಯವಾದ ಆಕ್ಷೇಪಣೆಯು ಗಮನಾರ್ಹವಾದುದು. ಮೆಟ್ರಿಕ್ಯುಲೇಷನ್ನಿನಲ್ಲಿ ತೇರ್ಗಡೆಯಾಗಿ ಕಾಲೇಜಿಗೆ ಬಂದ ವಿದ್ಯಾರ್ಥಿಗಳಿಗೆ ಅಲ್ಲಿಯ ಇಂಗ್ಲಿಷು ಉಪನ್ಯಾಸಗಳು ಅರ್ಥವಾಗುವುದಿಲ್ಲ. ಕೆಲವರ ತೊಡಕು ಸ್ವಲ್ಪ ಕಾಲದಲ್ಲಿ ಕಳೆಯುತ್ತದೆಂದು ಹೇಳುತ್ತಾರಾದರೂ, ಅನೇಕರು ಭಾಷೆಯ ಮೇಲೆ ಪ್ರಭುತ್ವವನ್ನು ಪಡೆಯದೆಯೇ ಪದವಿಯ ವ್ಯಾಸಂಗವನ್ನು ಮುಗಿಸಿಬಿಡುತ್ತಾರೆ. ಇದು ಆಯೋಗದ ಅಭಿಪ್ರಾಯದ ಸಾರಾಂಶ.

ಇದು ಕಿವಿಯ ದೂರು. ಪರೀಕ್ಷೆಯು ಲೇಖನಿಯದು. ಹದಿನೇಳು ಹದಿನೆಂಟು ವಯಸ್ಸಿನ ಹುಡುಗನು ಉಪನ್ಯಾಸಶಾಲೆಯಲ್ಲಿ ಕುಳಿತು, ಪುಸ್ತಕದಲ್ಲಿ ಕಂಡಿದ್ದರೆ ತಟ್ಟನೆ ಗುರುತಿಸಬಹುದಾಗಿದ್ದ ಮಾತುಗಳನ್ನೇ ಕಿವಿಯಲ್ಲಿ ಹಿಡಿಯಲಾರದೆ ಹೋಗುತ್ತಿದ್ದನು. ಅವನ ಕೈಯಲ್ಲಿ ತೇರ್ಗಡೆಯ ಪತ್ರವಿತ್ತು. ಅದು ಈ ಶಕ್ತಿಯ ವಿಷಯದಲ್ಲಿ ಏನನ್ನೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಇಂಗ್ಲಿಷಿನ ಗಾಳಿಯಿದ್ದವನು ಪಾರಾದನು. ಹಳ್ಳಿಯಿಂದ ಬಂದವನು ತನ್ನ ಬುದ್ಧಿಯೇ ಮಂದವೆಂದು ತಿಳಿದು ಕುಗ್ಗಿದನು.

ಆಯೋಗವು ಸೂಚಿಸಿದ ಪರಿಹಾರಗಳಲ್ಲಿ ಒಂದು ಓದಿಗೆ ಸಂಬಂಧಿಸಿದ್ದು: ಪ್ರವೇಶ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಪಠ್ಯಗ್ರಂಥಗಳನ್ನು ಗೊತ್ತುಮಾಡಕೂಡದು. ಉರುಹೊಡೆಯುವುದರ ಬೇರನ್ನು ಕತ್ತರಿಸುವ ಈ ಸಲಹೆಯು ಯುಕ್ತವಾದುದೇ. ೧೯೦೪ರ ಕಾಯಿದೆಯಿಂದ ವಿಶ್ವವಿದ್ಯಾನಿಲಯಗಳಿಗೆ ಪಾಠ ಹೇಳುವ ಮತ್ತು ಕಾಲೇಜುಗಳನ್ನು ತನಿಖೆ ಮಾಡುವ ಅಧಿಕಾರಗಳೂ ಬಂದುವು. ಆದರೆ ಕಿವಿಯ ದೂರಿಗೆ ಕಿವಿಯ ಪರೀಕ್ಷೆಯು ಹುಟ್ಟಲಿಲ್ಲ. ಕನ್ನಡ ನಾಡಿನ ಕಾಲೇಜುಗಳೂ ಇದೇ ವ್ಯವಸ್ಥೆಗೆ ಒಳಪಟ್ಟಿದ್ದುವು. ಮೈಸೂರಿನ ಮಹಾರಾಜರ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಮದರಾಸಿಗೆ ಸೇರಿದ್ದುವು. ೧೯೧೭ರಲ್ಲಿ ಪ್ರಾರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಮುಂಬಯಿಗೆ ಸೇರಿತ್ತು.

೪

ಇತ್ತ ಹೀಗಿರಲು ಬೇರೆ ಬೇರೆ ಕಡೆಗಳಲ್ಲಿ, ಒಬ್ಬರನ್ನೊಬ್ಬರು ಅರಿಯದೆಯೇ ಎಂಬಂತೆ, ಕೆಲವರು ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು.

ಮೊದಲನೆಯದು ಕೇಂಬ್ರಿಜ್ಜಿನ ಪ್ರಯತ್ನ. ೧೯೧೩ರಲ್ಲಿ ಆ ವಿಶ್ವವಿದ್ಯಾನಿಲಯವು ಪರದೇಶೀಯರಿಗಾಗಿ ಇಂಗ್ಲಿಷಿನ ಪ್ರೌಢಪರೀಕ್ಷೆಯೊಂದನ್ನು ಏರ್ಪಡಿಸಿತು. ಭಾಷಾಂತರ, ವ್ಯಾಕರಣ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರಗಳೊಂದಿಗೆ ಉಕ್ತಲೇಖನ, ಗಟ್ಟಿಯಾಗಿ ಓದುವುದು, ಸಂಭಾಷಣೆ ಇವೂ ಅದರಲ್ಲಿದ್ದುವು. ಸುಮಾರು ೧೨ ಗಂಟೆಗಳ ಕಾಲದ ಆ ಪರೀಕ್ಷೆಗೆ ಕುಳಿತವರು ಮೂವರು, ಮೂವರೂ ತೇರ್ಗಡೆಯಾಗಲಿಲ್ಲ. ಅದಿರಲಿ, ಇಲ್ಲಿ ಶ್ರವಣಕ್ಕೆ ಉಕ್ತಲೇಖನದ ರೂಪದಲ್ಲಿ ಒಂದು ಸ್ಥಾನವು ದೊರೆಯಿತೆಂಬುದು ಮುಖ್ಯ. ಉಕ್ತಲೇಖನವೂ ಪೂರ್ಣವಾದ ಅಳತೆಯಲ್ಲ. ಕಿವಿಯು ಸರಿಯಾಗಿದ್ದು ಕಾಗುಣಿತವು ತಪ್ಪಿದವನು ಅದರಲ್ಲಿ ಸೋಲುತ್ತಾನೆ. ಗಟ್ಟಿಯಾಗಿ ಓದುವುದೂ ಅಂಥದೇ: ಅರ್ಥವನ್ನರಿಯದೆ ಸ್ಪಷ್ಟವಾಗಿ ಓದುವವರು ಎಲ್ಲ ಭಾಷೆಗಳಲ್ಲಿಯೂ ಉಂಟು.

ಎರಡನೆಯದು ಅಮೆರಿಕದ ಕಾಣಿಕೆ. ೧೯೧೫ರ ಸುಮಾರಿಗೆ ಫ್ರೆಡರಿಕ್ ಕೆಲ್ಲಿಯು ಕನ್ಸಾಸಿನಲ್ಲಿ ಮೌನವಾಚನದ ಪರೀಕ್ಷೆಯೊಂದನ್ನು ರಚಿಸಿದನು. ಓದಿ ತಿಳಿದುದನ್ನು ವಿದ್ಯಾರ್ಥಿಯು ಗುರುತು ಹಾಕಿ ತೋರಿಸಿದರೆ ಸಾಕು, ಪ್ರಬಂಧವನ್ನು ಬರೆಯಬೇಕಾಗಿರಲಿಲ್ಲ. ಹೀಗೆ ಓದುವ ಶಕ್ತಿಯು ಬರೆಯುವ ಶಕ್ತಿಯಿಂದಲೂ ಓದಿ ಹೇಳುವ ಕಂಠದಿಂದಲೂ ಬೇರ್ಪಟ್ಟಿತು. ೧೯೧೭ರಲ್ಲಿ ಥಾರ್ನ್‌ಡೈಕನು, ಗದ್ಯಭಾಗವನ್ನು ಓದಿದ ಮಕ್ಕಳು ಮಾಡುವ ತಪ್ಪುಗಳನ್ನು ಪರಿಶೀಲಿಸಿ, ಓದುವುದೆಂದರೆ ತರ್ಕಿಸುವುದೇ ಎಂಬ ಸಿದ್ಧಾಂತವನ್ನು ಮುಂದಿಟ್ಟನು. ಲೆಕ್ಕವನ್ನು ಬಿಡಿಸುವವನು ಬೇಕಾದ ಅಂಶಗಳನ್ನು ಆರಿಸಿ ಜೋಡಿಸುವಂತೆ, ಓದುವವನೂ ಪ್ರತಿಯೊಂದು ಪದಕ್ಕೂ ತಕ್ಕ ತೂಕವನ್ನು ಕೊಟ್ಟು ಅರ್ಥವನ್ನು ಕೂಡಿಸುತ್ತಾನೆ. ಪದಗಳೆಲ್ಲ ಗೊತ್ತಿದ್ದೂ ವಾಕ್ಯವು ತಿಳಿಯದೆ ಹೋಗುವುದೇಕೆಂಬುದಕ್ಕೆ ಇದು ಸಮಾಧಾನವಾಗಿದೆ.

ಮೂರನೆಯದು ನಮ್ಮ ಉಪಖಂಡದಲ್ಲಿಯೇ ನಡೆದುದು. ಢಾಕಾದ ಅಧ್ಯಾಪಕ ತರಬೇತಿನ ಕಾಲೇಜಿನ ಮುಖ್ಯಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟನು ೧೯೨೬ರಲ್ಲಿ ಬಂಗಾಳದ ದ್ವಿಭಾಷಾ ಸ್ಥಿತಿಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಬಂಗಾಳದ ವಿದ್ಯಾರ್ಥಿಗೆ ಇಂಗ್ಲಿಷಿನಿಂದ ಮೊದಲು ಬೇಕಾದುದು ಓದುವ ಶಕ್ತಿಯೆಂದು ಅವನ ವಾದ. ನಡುವೆಯೇ ಶಾಲೆಯನ್ನು ಬಿಡುವವರೇ ಹೆಚ್ಚು. ಆದುದರಿಂದ ವಿಮೆಯ ಕರಾರನ್ನು ಅರ್ಧಕ್ಕೆ ಬಿಟ್ಟವನಿಗೂ ಒಂದಿಷ್ಟು ಹಣವು ಹಿಂದಕ್ಕೆ ಬರುವಂತೆ, ಅರ್ಧಕ್ಕೆ ಬಿಟ್ಟ ವಿದ್ಯೆಯಿಂದಲೂ ಪ್ರಯೋಜನವಿರಬೇಕೆಂದು ಅವನು ಹೇಳಿದನು. ಈ ಅಳತೆಗೋಲು ಬಹಳ ಮನುಷ್ಯತ್ವವುಳ್ಳದ್ದು. ತೇರ್ಗಡೆಯಾಗದವನ ಕೈಯಲ್ಲಿ ಏನು ಉಳಿಯಿತೆಂದು ಅದು ಕೇಳುತ್ತದೆ.

ಇದೇ ಸಂದರ್ಭದಲ್ಲಿ ಫಿಲಿಪ್ ಹಾರ್ಟಾಗನ ಹೆಸರನ್ನೂ ಸ್ಮರಿಸಬೇಕು. ೧೯೧೭ರಿಂದ ೧೯೧೯ರವರೆಗೆ ನಡೆದ ಸ್ಯಾಡ್ಲರನ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗದಲ್ಲಿ ಸದಸ್ಯನಾಗಿದ್ದು, ಬಳಿಕ ಢಾಕಾ ವಿಶ್ವವಿದ್ಯಾನಿಲಯಕ್ಕೆ ಮೊದಲನೆಯ ಉಪಕುಲಪತಿಯಾದ ಈತನು, ೧೯೩೫ರಲ್ಲಿ ರೋಡ್ಸನೊಡಗೂಡಿ ಪರೀಕ್ಷೆಗಳನ್ನೇ ಪರೀಕ್ಷಿಸುವ ಪುಸ್ತಕವನ್ನು ಹೊರತಂದನು. ಚರಿತ್ರೆಯ ೧೫ ಉತ್ತರಪತ್ರಿಕೆಗಳನ್ನು ೧೪ ಮಂದಿ ಪರೀಕ್ಷಕರು ಒಮ್ಮೆ ನೋಡಿ, ಒಂದು ವರ್ಷಕ್ಕೂ ಮೇಲ್ಪಟ್ಟು ಕಾಲವು ಕಳೆದ ಮೇಲೆ ಅವನ್ನೇ ಮತ್ತೊಮ್ಮೆ ನೋಡಿದರು. ೨೧೦ ತೀರ್ಪುಗಳಲ್ಲಿ ೯೨ ಬದಲಾದುವು! ಬರೆದ ಉತ್ತರದ ಮೇಲಣ ಅಚಲವಾದ ನಂಬಿಕೆಗೆ ಇದು ಬಲವಾದ ಪೆಟ್ಟು.

೫

ಶ್ರವಣಕ್ಕೆ ಸ್ವತಂತ್ರವಾದ ಪರೀಕ್ಷೆಯು ಬೆಳೆದುದು ೧೯೪೦ರ ದಶಕದಿಂದ ಈಚೆಗೆ. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ಲಾಡೋ ಎಂಬ ವಿದ್ವಾಂಸನು, ಕಲಿಯುವವನ ಮಾತೃಭಾಷೆಯಲ್ಲಿಲ್ಲದ ಧ್ವನಿಭೇದಗಳು ಅವನ ಕಿವಿಗೆ ಸಿಕ್ಕುತ್ತವೆಯೇ ಎಂದು ಬಿಡಿಬಿಡಿಯಾಗಿ ಪರೀಕ್ಷಿಸುವ ಮಾರ್ಗವನ್ನು ಹಾಕಿದನು. ೧೯೬೧ರ ಅವನ ಗ್ರಂಥವು ಈ ಶಾಸ್ತ್ರಕ್ಕೆ ಆಧಾರವಾಯಿತು. ಅದೇ ವರ್ಷದಲ್ಲಿ ಜಾನ್ ಕ್ಯಾರಲನು, ಬಿಡಿ ಅಂಶಗಳ ಮೊತ್ತವೇ ಭಾಷೆಯಲ್ಲ, ಒಟ್ಟು ಅರ್ಥವನ್ನು ಹಿಡಿಯುವ ಶಕ್ತಿಯನ್ನೂ ನೋಡಬೇಕೆಂದು ವಾದಿಸಿದನು. ೧೯೬೪ರಲ್ಲಿ ಅಮೆರಿಕದ ಕಾಲೇಜುಗಳಿಗೆ ಬರುವ ಪರದೇಶೀಯರಿಗಾಗಿ ಟೋಫೆಲ್ ಪರೀಕ್ಷೆಯು ಆರಂಭವಾಯಿತು. ಮುದ್ರಿಸಿದ ಧ್ವನಿಯನ್ನು ಕೇಳಿಸಿ, ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವಂತೆ ಮಾಡಿದುದರಿಂದ, ಶ್ರವಣವು ವಾಚನದ ಪಕ್ಕದಲ್ಲಿ ಸಮಾನವಾದ ಪೀಠವನ್ನು ಪಡೆಯಿತು. ಚೀನಾ ದೇಶವು ೧೯೮೭ರಲ್ಲಿ ತನ್ನ ಕಾಲೇಜು ವಿದ್ಯಾರ್ಥಿಗಳಿಗಾಗಿಯೇ ಏರ್ಪಡಿಸಿದ ಇಂಗ್ಲಿಷು ಪರೀಕ್ಷೆಯಲ್ಲಿಯೂ, ೧೯೮೯ರಲ್ಲಿ ಬಂದ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿಯೂ ಈ ಎರಡಕ್ಕೂ ಪ್ರತ್ಯೇಕವಾದ ಭಾಗಗಳಿವೆ.

ಈ ಹೊಸ ಪದ್ಧತಿಗೂ ದೋಷಗಳಿಲ್ಲದಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವವನು ಊಹೆಯಿಂದಲೂ ಗೆಲ್ಲಬಹುದು. ಶ್ರವಣದ ಪ್ರಶ್ನೆಯು ಅಚ್ಚಿನಲ್ಲಿದ್ದರೆ ಓದಲು ನಿಧಾನಿಸುವವನು ಕಿವಿಯಿದ್ದೂ ಸೋಲುತ್ತಾನೆ. ಯಾರ ಉಚ್ಚಾರಣೆಯನ್ನು ಕೇಳಿಸಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ: ಹಾಸನದ ವಿದ್ಯಾರ್ಥಿಗೆ ಲಂಡನ್ನಿನವನ ಇಂಗ್ಲಿಷು ತಿಳಿಯದಿರಬಹುದು, ತನ್ನ ಅಧ್ಯಾಪಕರ ಇಂಗ್ಲಿಷು ಚೆನ್ನಾಗಿ ತಿಳಿಯಬಹುದು. ಕುರುಹನ್ನು ವಸ್ತುವೆಂದು ಭ್ರಮಿಸುವ ಹಳೆಯ ಅಪಾಯವು ಹೊಸ ವೇಷದಲ್ಲಿ ಇಲ್ಲಿಯೂ ಕಾದಿರುತ್ತದೆ.

೬

ಸ್ವತಂತ್ರ ಭಾರತದಲ್ಲಿ ೧೯೬೪ರಿಂದ ೧೯೬೬ರವರೆಗೆ ನಡೆದ ಕೊಠಾರಿ ಆಯೋಗವು ಇಂಗ್ಲಿಷನ್ನು ಗ್ರಂಥಾಲಯದ ಭಾಷೆಯೆಂದು ವರ್ಣಿಸಿತು. ಗ್ರಂಥಾಲಯದ ಭಾಷೆಯೆಂದರೆ ಓದಿ ತಿಳಿಯುವ ಭಾಷೆ. ಈ ಗುರಿಯನ್ನು ಒಪ್ಪುವುದಾದರೆ, ವಿದ್ಯಾರ್ಥಿಯು ಹಿಂದೆಂದೂ ಕಾಣದ ಪುಟವೊಂದನ್ನು ತಾನಾಗಿ ಓದಿ ತಿಳಿಯಬಲ್ಲನೇ ಎಂಬುದೇ ನಮ್ಮ ಮುಖ್ಯ ಪ್ರಶ್ನೆಯಾಗಬೇಕು. ತಿಳಿದುದನ್ನು ಅವನು ಕನ್ನಡದಲ್ಲಿ ಹೇಳಿದರೂ ಬಾಧಕವಿರಬಾರದು. ಅಲ್ಲಿ ನಾವು ಅಳೆಯಹೊರಟಿರುವುದು ಅವನ ಇಂಗ್ಲಿಷು ಓದನ್ನು, ಇಂಗ್ಲಿಷು ಬರಹವನ್ನಲ್ಲ. ಉಪನ್ಯಾಸವು ಇಂಗ್ಲಿಷಿನಲ್ಲಿ ನಡೆಯುವ ಕಡೆಗಳಲ್ಲಿ ಅವನ ಕಿವಿಯನ್ನೂ ಪ್ರವೇಶದ ಹೊತ್ತಿಗೇ ನೋಡಬೇಕು. ಅವನನ್ನು ಹೊರಗಿಡುವುದಕ್ಕಾಗಿ ಹಾಗೆ ನೋಡಕೂಡದು. ಮೊದಲ ತಿಂಗಳುಗಳಲ್ಲಿ ಎಷ್ಟು ಆಸರೆ ಬೇಕೆಂದು ಅಧ್ಯಾಪಕರು ತಿಳಿಯುವುದಕ್ಕಾಗಿ ನೋಡಬೇಕು. ಈ ಎರಡು ಶಕ್ತಿಗಳ ಅಂಕಗಳನ್ನು ಬೇರೆ ಬೇರೆಯಾಗಿ ತೋರಿಸಬೇಕು. ಎಲ್ಲವನ್ನೂ ಕೂಡಿಸಿ ಒಂದೇ ಸಂಖ್ಯೆಯನ್ನು ಕೊಟ್ಟರೆ, ಚೆನ್ನಾಗಿ ಓದಬಲ್ಲ ಹುಡುಗನ ಕಿವಿಯ ತೊಡಕು ಅದರಲ್ಲಿ ಮುಚ್ಚಿಹೋಗುತ್ತದೆ.

೧೯೦೨ರ ವರದಿಯಲ್ಲಿ ಕಾಣುವ ಆ ಹೆಸರಿಲ್ಲದ ವಿದ್ಯಾರ್ಥಿಯು ಅಂದು ದಡ್ಡನಾಗಿರಲಿಲ್ಲ. ಅವನಿಗೆ ಏನು ಬಾರದೆಂಬುದನ್ನು ಅವನ ಪರೀಕ್ಷೆಯು ಅವನಿಗೂ ಹೇಳಲಿಲ್ಲ, ಅವನ ಗುರುವಿಗೂ ಹೇಳಲಿಲ್ಲ. ಅದನ್ನು ಕಾಲದಲ್ಲಿ ತಿಳಿಸುವ ಪರೀಕ್ಷೆಯನ್ನು ಒದಗಿಸುವುದು ನಮ್ಮ ವಿಶ್ವವಿದ್ಯಾನಿಲಯಗಳಿಂದ ಅವನಂಥವರಿಗೆ ಸಲ್ಲಬೇಕಾದ ಹಳೆಯ ಸಾಲ.